ಮಿತ್ರರ ಮೇಲೆ ಹಾರಿದ ಗುಂಡು

ಸಮುದ್ರದಲ್ಲಿ ಹಾರಿದ ತೋಪಿನ ಗುಂಡು ಎಲ್ಲಿ ಬಿದ್ದಿತೆಂದು ಹೇಳುವುದು ಸುಲಭ; ಅದು ಯಾರ ಕಿವಿಗೆ ಕೇಳಲೆಂದು ಹಾರಿತು ಎಂದು ಹೇಳುವುದು ಕಷ್ಟ. ನೌಕಾಯುದ್ಧಗಳ ಚರಿತ್ರೆಯನ್ನು ಓದುವಾಗ ನಾವು ಸಾಮಾನ್ಯವಾಗಿ ಮೊದಲನೆಯ ಪ್ರಶ್ನೆಗೆ ಉತ್ತರ ಪಡೆದು ತೃಪ್ತರಾಗುತ್ತೇವೆ. ಎಷ್ಟು ಹಡಗುಗಳಿದ್ದವು, ಎಷ್ಟು ಮುಳುಗಿದವು, ಗೆದ್ದವರಾರು, ಸೋತವರಾರು ಎಂಬಷ್ಟಕ್ಕೆ ಪುಸ್ತಕ ಮುಚ್ಚುತ್ತೇವೆ. ಆದರೆ ಕೆಲವು ಕದನಗಳುಂಟು. ಅಲ್ಲಿ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದರೆ ಮೊದಲನೆಯದರ ಉತ್ತರಕ್ಕೆ ಅರ್ಥವೇ ಹುಟ್ಟುವುದಿಲ್ಲ.

ಸೊಸೆಗೆ ಕೇಳಲೆಂದು ಮಗಳನ್ನು ಗದರುವ ಅತ್ತೆಯ ಉಪಾಯ ನಮ್ಮ ಮನೆಗಳಿಗೆ ಹೊಸದೇನಲ್ಲ. ರಾಜ್ಯಗಳೂ ಈ ಉಪಾಯವನ್ನು ಬಲ್ಲವು. ವ್ಯತ್ಯಾಸ ಇಷ್ಟೆ: ಮನೆಯಲ್ಲಿ ಮಗಳ ಮೇಲೆ ಬೀಳುವುದು ಮಾತು, ಸಮುದ್ರದಲ್ಲಿ ಬೀಳುವುದು ಹದಿನೈದು ಅಂಗುಲ ಬಾಯಿಯ ತೋಪಿನ ಗುಂಡು.

ಇದು ಬಹಳ ಹಳೆಯ ಕಥೆ. 1756ರಲ್ಲಿ ಇಂಗ್ಲೆಂಡಿನ ಮಂತ್ರಿಮಂಡಲವು ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪವನ್ನು ಉಳಿಸಿಕೊಳ್ಳಲು ಅಡ್ಮಿರಲ್ ಬಿಂಗ್ ಎಂಬ ನೌಕಾಧಿಪತಿಯನ್ನು ಕಳುಹಿಸಿತು. ಕೊಟ್ಟ ಹಡಗುಗಳು ಸಾಲದಾಗಿದ್ದವು, ನಾವಿಕರೂ ಸಾಲದಾಗಿದ್ದರು. ದ್ವೀಪ ಫ್ರೆಂಚರ ಪಾಲಾಯಿತು. ಜನ ರೊಚ್ಚಿಗೆದ್ದಾಗ ಮಂತ್ರಿಗಳಿಗೆ ಬಲಿಯೊಂದು ಬೇಕಾಯಿತು. ಹೇಡಿತನದ ಆರೋಪ ಸುಳ್ಳೆಂದು ನ್ಯಾಯಸ್ಥಾನವೇ ಹೇಳಿದ್ದರೂ, ಕೈಲಾದುದನ್ನೆಲ್ಲ ಮಾಡಲಿಲ್ಲವೆಂಬ ಅಪರಾಧಕ್ಕಾಗಿ 1757ರ ಮಾರ್ಚ್ 14ರಂದು ಬಿಂಗನನ್ನು ಹಡಗಿನ ಮೇಲೆಯೇ ಗುಂಡಿಕ್ಕಿ ಕೊಂದರು. ಸಮುದ್ರದಲ್ಲಿ ನಡೆದುದರ ಲೆಕ್ಕ ಲಂಡನ್ನಿನಲ್ಲಿ ಬೇರೆಯೇ ಬಗೆಯಲ್ಲಿ ಚುಕ್ತವಾಯಿತು.

ಆದರೆ ನಾನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ನಮಗೆ ಅದಕ್ಕಿಂತ ಹತ್ತಿರದ ಒಂದು ಘಟನೆ. ಎರಡನೆಯ ಮಹಾಯುದ್ಧದಲ್ಲಿ, 1940ರ ಜುಲೈ 3ರ ಬುಧವಾರ, ಬ್ರಿಟಿಷ್ ನೌಕಾಬಲವು ತನ್ನ ಶತ್ರುವಿನ ಮೇಲಲ್ಲ, ಹನ್ನೊಂದು ದಿನಗಳ ಹಿಂದಿನವರೆಗೂ ತನ್ನ ಹೆಗಲಿಗೆ ಹೆಗಲು ಕೊಟ್ಟಿದ್ದ ಮಿತ್ರನ ಮೇಲೆ ಗುಂಡು ಹಾರಿಸಿತು. ಆ ದಿನವೂ ಅದರ ಬೆನ್ನಿಗೆ ನಡೆದ ಇನ್ನೊಂದು ದಾಳಿಯಲ್ಲಿಯೂ ಸತ್ತ ಫ್ರೆಂಚ್ ನಾವಿಕರು 1297 ಮಂದಿ. ಆಫ್ರಿಕದ ಉತ್ತರ ತೀರದಲ್ಲಿ, ಅಲ್ಜೀರಿಯ ದೇಶದ ಓರಾನ್ ಪಟ್ಟಣದ ಬಳಿ, ಮೆರ್ಸ್-ಎಲ್-ಕೆಬೀರ್ ಎಂಬ ಬಂದರು ಇದೆ. ಅರಬ್ಬಿಯಲ್ಲಿ ಆ ಹೆಸರಿಗೆ 'ದೊಡ್ಡ ಬಂದರು' ಎಂದೇ ಅರ್ಥ. ಆಗ ಅಲ್ಜೀರಿಯ ಫ್ರಾನ್ಸಿನ ವಶದಲ್ಲಿತ್ತು. ಈ ಕಥೆ ನಡೆದುದು ಅಲ್ಲಿ.

ಹಿಂದಿನ ಎರಡು ತಿಂಗಳುಗಳನ್ನು ಮೊದಲು ನೆನೆಯಬೇಕು. 1940ರ ಮೇ 10ರಂದು ಹಿಟ್ಲರನ ಸೈನ್ಯ ಪಶ್ಚಿಮಕ್ಕೆ ನುಗ್ಗಿತು. ಅದೇ ದಿನ ಲಂಡನ್ನಿನಲ್ಲಿ ಚರ್ಚಿಲ್ಲರು ಪ್ರಧಾನಿಯಾದರು. ಮೇ ತಿಂಗಳ ಕೊನೆಗೆ ಬ್ರಿಟಿಷ್ ಸೈನ್ಯ ಡಂಕರ್ಕ್ ಎಂಬ ಫ್ರೆಂಚ್ ರೇವಿಗೆ ಹಿಮ್ಮೆಟ್ಟಿ, ಅಲ್ಲಿಂದ ಹಡಗು ದೋಣಿಗಳನ್ನೇರಿ ಸಮುದ್ರ ದಾಟಿತು. ಹಾಗೆ ಪಾರಾದವರು ಮೂರು ಲಕ್ಷದ ಮೂವತ್ತೆಂಟು ಸಾವಿರ ಮಂದಿ. ಅವರಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಫ್ರೆಂಚರಿದ್ದರು. ಅವರು ಹಡಗೇರುವಷ್ಟು ಹೊತ್ತು ಜರ್ಮನರನ್ನು ತಡೆದು ನಿಂತವರಲ್ಲಿಯೂ ಫ್ರೆಂಚ್ ಸಿಪಾಯಿಗಳಿದ್ದರು. ಜೂನ್ 14ರಂದು ಪ್ಯಾರಿಸ್ ಬಿದ್ದಿತು. ಎಂಬತ್ತನಾಲ್ಕು ವಯಸ್ಸಿನ ಮಾರ್ಷಲ್ ಪೆತಾಂ ಅಧಿಕಾರ ವಹಿಸಿಕೊಂಡು ಕದನವಿರಾಮ ಬೇಡಿದರು. ಜೂನ್ 22ರಂದು ಕಾಂಪಿಯೇನ್ ಕಾಡಿನಲ್ಲಿ, 1918ರಲ್ಲಿ ಜರ್ಮನರು ಸೋಲೊಪ್ಪಿ ರುಜು ಹಾಕಿದ್ದ ಅದೇ ರೈಲುಗಾಡಿಯ ಡಬ್ಬಿಯಲ್ಲಿ, ಈಗ ಫ್ರೆಂಚರು ರುಜು ಹಾಕಿದರು. ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳುವುದಿಲ್ಲವೆಂದು ಎರಡು ರಾಜ್ಯಗಳೂ ಅದೇ ಮಾರ್ಚಿಯಲ್ಲಿ ಪರಸ್ಪರ ಕೊಟ್ಟುಕೊಂಡಿದ್ದ ಮಾತು ಮುರಿಯಿತು.

ಸೈನ್ಯ ಸೋತಿತ್ತು, ನೌಕಾಬಲ ಸೋತಿರಲಿಲ್ಲ. ಪ್ರಪಂಚದ ನೌಕಾಬಲಗಳಲ್ಲಿ ನಾಲ್ಕನೆಯದೆಂದು ಹೆಸರಾದ ಫ್ರೆಂಚ್ ಹಡಗುಪಡೆ ಇಡಿಯಾಗಿ ಉಳಿದಿತ್ತು. ಅದು ಯಾರ ಕೈಸೇರುತ್ತದೆ? ಕದನವಿರಾಮದ ಎಂಟನೆಯ ಕಲಮು ಈ ಪ್ರಶ್ನೆಗೆ ಉತ್ತರ ಹೇಳುತ್ತಿತ್ತು: ಹಡಗುಗಳು ಬಂದರುಗಳಲ್ಲಿ ಸೇರಿ ಜರ್ಮನರ ಅಥವಾ ಇಟಲಿಯವರ 'ಕಂಟ್ರೋಲಿ'ನಲ್ಲಿ ನಿಶ್ಶಸ್ತ್ರವಾಗಬೇಕು, ಜರ್ಮನಿ ಅವನ್ನು ತನ್ನ ಯುದ್ಧಕ್ಕೆ ಬಳಸುವುದಿಲ್ಲ.

ವಾಚಕರೇ, ಭಾಷಾ ಪಂಡಿತನಾದ ನನಗೆ ಇಲ್ಲಿ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾಗುವುದಿಲ್ಲ. ಫ್ರೆಂಚರ 'ಕಂಟ್ರೋಲ್' ಎಂದರೆ ತಪಾಸಣೆ, ತಾಳೆ ನೋಡುವುದು, ಮೇಲ್ವಿಚಾರಣೆ. ಅದೇ ಶಬ್ದ ಇಂಗ್ಲಿಷಿಗೆ ಹೋದಮೇಲೆ ಹತೋಟಿ, ವಶ ಎಂಬ ಅರ್ಥವನ್ನು ಪಡೆಯಿತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಬೇರೆ ಬೇರೆ ಮನೆಯಲ್ಲಿ ಬೆಳೆದ ಮಕ್ಕಳಂತೆ ರೂಪ ಒಂದು, ಸ್ವಭಾವ ಬೇರೆ. ಫ್ರೆಂಚನು ಆ ಕಲಮನ್ನು ಓದಿ, 'ಜರ್ಮನ್ ಅಧಿಕಾರಿ ಬಂದು ನಮ್ಮ ಹಡಗು ನೋಡಿ ಹೋಗುತ್ತಾನೆ' ಎಂದುಕೊಂಡ. ಆಂಗ್ಲನು ಅದನ್ನು ಓದಿ, 'ಹಡಗು ಜರ್ಮನನ ವಶವಾಯಿತು' ಎಂದುಕೊಂಡ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಮಾತು ಇಬ್ಬರಿಗೂ ತಿಳಿದಿತ್ತು; ಆದರೆ ಇಬ್ಬರಿಗೂ ತಿಳಿದದ್ದು ಒಂದೇ ಮಾತಾಗಿರಲಿಲ್ಲ.

ಫ್ರೆಂಚ್ ನೌಕಾಬಲದ ಮುಖ್ಯಸ್ಥ ಅಡ್ಮಿರಲ್ ದಾರ್ಲಾನರು ಹಡಗುಗಳನ್ನು ಎಂದಿಗೂ ಶತ್ರುವಿಗೆ ಕೊಡುವುದಿಲ್ಲವೆಂದು ಚರ್ಚಿಲ್ಲರಿಗೆ ಬಾಯಿಮಾತಿನಲ್ಲಿ ಹೇಳಿದ್ದರು. ಜೂನ್ 24ರಂದು ತಮ್ಮ ನೌಕಾಧಿಪತಿಗಳಿಗೆ ಗುಟ್ಟಾಗಿ ಆಜ್ಞೆಯನ್ನೂ ಕಳುಹಿಸಿದ್ದರು: ಶತ್ರು ಕೈಹಾಕುವ ಸಂದರ್ಭ ಬಂದರೆ ಹಡಗುಗಳು ಅಮೆರಿಕಕ್ಕೆ ಹೋಗತಕ್ಕದ್ದು, ಇಲ್ಲವೇ ತಮ್ಮನ್ನು ತಾವೇ ಮುಳುಗಿಸಿಕೊಳ್ಳತಕ್ಕದ್ದು. ಆದರೆ ಬಿದ್ದುಹೋದ ಸರ್ಕಾರದ ಮಂತ್ರಿಯ ಬಾಯಿಮಾತನ್ನು ನಂಬಿ ಒಂದು ದ್ವೀಪರಾಷ್ಟ್ರ ತನ್ನ ಪ್ರಾಣವನ್ನು ಪಣಕ್ಕಿಡಬಹುದೆ? ಇಟಲಿ ಜೂನ್ 10ರಂದೇ ಯುದ್ಧಕ್ಕಿಳಿದಿತ್ತು. ಜರ್ಮನರು ಇಂಗ್ಲಿಷ್ ಕಡಲ್ಗಾಲುವೆಯ ಆಚೆ ದಡದಲ್ಲಿದ್ದರು. ಇವರಿಬ್ಬರ ಬಲಕ್ಕೆ ಫ್ರೆಂಚ್ ಹಡಗುಗಳೂ ಕೂಡಿದರೆ ಬ್ರಿಟನ್ನಿನ ಗತಿಯೇನು? ಈ ಭಯ ಸುಳ್ಳು ಭಯವಲ್ಲ. ಸೈನಿಕ ದೃಷ್ಟಿಯ ಕಾರಣವೇ ಇರಲಿಲ್ಲವೆಂದು ನಾನು ಹೇಳಿದರೆ ಅದು ಚರಿತ್ರೆಗೆ ಮಾಡಿದ ಅಪಚಾರವಾದೀತು.

ಹೀಗಿದ್ದರೂ ಅವಸರವೇಕೆ? ಆರು ಗಂಟೆಗಳ ಗಡುವೇಕೆ? ಇಲ್ಲಿಂದ ಮುಂದೆ ಸೈನಿಕ ಕಾರಣವೊಂದೇ ಸಾಲದು.

ಆ ದಿನಗಳ ಲಂಡನ್ನಿನಲ್ಲಿ ಚರ್ಚಿಲ್ಲರ ಪೀಠ ಭದ್ರವಾಗಿರಲಿಲ್ಲ. ಅವರ ಸ್ವಪಕ್ಷದವರಲ್ಲಿಯೇ ಬಹುಮಂದಿ ಅವರನ್ನು ಅರೆಮನಸ್ಸಿನಿಂದ ಒಪ್ಪಿದ್ದರು. ಮೇ 26ರಿಂದ 28ರವರೆಗೆ ಯುದ್ಧ ಮಂತ್ರಿಮಂಡಲದೊಳಗೆ ದೊಡ್ಡ ಚರ್ಚೆಯೇ ನಡೆದಿತ್ತು. ಇಟಲಿಯ ಮುಖಾಂತರ ಸಂಧಿಯ ಷರತ್ತುಗಳೇನೆಂದು ವಿಚಾರಿಸಿ ನೋಡಬಾರದೇಕೆ ಎಂದು ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸರು ಕೇಳಿದ್ದರು. ಚರ್ಚಿಲ್ಲರು ಒಪ್ಪಲಿಲ್ಲ, ಅವರ ಮಾತೇ ನಡೆಯಿತು. ಆದರೂ ಬ್ರಿಟನ್ ಇಂದೋ ನಾಳೆಯೋ ರಾಜಿಗೆ ಇಳಿಯುತ್ತದೆ ಎಂಬ ಗಾಳಿಸುದ್ದಿ ನಿಂತಿರಲಿಲ್ಲ.

ಈ ಸುದ್ದಿಗೆ ಕಿವಿಗೊಟ್ಟು ಕುಳಿತಿದ್ದವರಲ್ಲಿ ಮುಖ್ಯರು ಅಟ್ಲಾಂಟಿಕ್ ಸಮುದ್ರದ ಆಚೆ ಇದ್ದರು. ಚರ್ಚಿಲ್ಲರು ಮೇ 15ರಂದೇ ಅಧ್ಯಕ್ಷ ರೂಸ್‌ವೆಲ್ಟರಿಗೆ ಬರೆದು ನಲವತ್ತು ಐವತ್ತು ಹಳೆಯ ಡಿಸ್ಟ್ರಾಯರು ಹಡಗುಗಳನ್ನು ಕಡ ಕೇಳಿದ್ದರು. ಅಮೆರಿಕ ಕೊಟ್ಟಿರಲಿಲ್ಲ. ಸಾಹುಕಾರನು ಮುಳುಗುವ ಅಂಗಡಿಗೆ ಸಾಲ ಕೊಡುವುದಿಲ್ಲ. ಇಂದು ಕೊಟ್ಟ ಹಡಗು ನಾಳೆ ಬ್ರಿಟನ್ ಬಿದ್ದಮೇಲೆ ಹಿಟ್ಲರನ ಕೈಸೇರಿ ನಮ್ಮ ಮೇಲೆಯೇ ಬಂದರೆ ಎಂಬುದು ಅಲ್ಲಿಯವರ ಶಂಕೆ. ಲಂಡನ್ನಿನಲ್ಲಿದ್ದ ಅಮೆರಿಕದ ರಾಯಭಾರಿ ಕೆನಡಿಯವರಿಗಂತೂ ಬ್ರಿಟನ್ ಗೆಲ್ಲುವುದರಲ್ಲಿ ನಂಬಿಕೆಯೇ ಇರಲಿಲ್ಲ. ಈ ಶಂಕೆಯನ್ನು ಭಾಷಣಗಳಿಂದ ಕಳೆಯುವುದು ಸಾಧ್ಯವಿರಲಿಲ್ಲ, ಭಾಷಣಗಳಾಗಲೇ ಬೇಕಾದಷ್ಟಾಗಿದ್ದವು. ಒಂದು ಕೃತ್ಯ ಬೇಕಾಗಿತ್ತು. ವಾಷಿಂಗ್‌ಟನ್ನಿನಲ್ಲಿದ್ದ ಬ್ರಿಟಿಷ್ ರಾಯಭಾರಿ ಲಾರ್ಡ್ ಲೋಥಿಯನ್ನರು ಫ್ರೆಂಚ್ ಹಡಗುಗಳ ವಿಷಯವನ್ನು ರೂಸ್‌ವೆಲ್ಟರೊಡನೆ ಮಾತನಾಡಿದ್ದರು. ಅವು ಜರ್ಮನರ ಪಾಲಾಗುವುದಕ್ಕಿಂತ ಬ್ರಿಟಿಷರು ಹಿಡಿದುಕೊಳ್ಳುವುದೇ ಲೇಸೆಂದು ಅಮೆರಿಕದ ಜನ ಎಣಿಸುವರೆಂಬ ಸೂಚನೆ ಆ ಕಡೆಯಿಂದ ದೊರೆತಿತ್ತು.

ಈ ಕಾರ್ಯಾಚರಣೆಗೆ ಇಟ್ಟ ಗುಪ್ತನಾಮ 'ಕ್ಯಾಟಪಲ್ಟ್', ಎಂದರೆ ಕವಣೆ. ಜುಲೈ 3ರ ಬೆಳಗಿನ ಜಾವ ಬ್ರಿಟನ್ನಿನ ಬಂದರುಗಳಲ್ಲಿ ತಂಗಿದ್ದ ಫ್ರೆಂಚ್ ಹಡಗುಗಳನ್ನು, ನಾವಿಕರು ನಿದ್ದೆಯಿಂದೇಳುವ ಮೊದಲೇ, ಹಿಡಿದುಕೊಂಡರು. ಸುರ್ಕೂಫ್ ಎಂಬ ಸಬ್‌ಮೆರಿನಿನಲ್ಲಿ ಕೈಕೈ ಮಿಲಾಯಿಸಿ ನಾಲ್ವರು ಸತ್ತರು. ಉಳಿದೆಡೆ ಕೆಲಸ ಸುಗಮವಾಯಿತು. ಅಸಲು ಕೆಲಸ ಮೆರ್ಸ್-ಎಲ್-ಕೆಬೀರಿನಲ್ಲಿತ್ತು. ಅಲ್ಲಿ ಡಂಕರ್ಕ್, ಸ್ತ್ರಾಸ್‌ಬೂರ್ ಎಂಬ ಎರಡು ಹೊಸ ಯುದ್ಧನೌಕೆಗಳೂ, ಪ್ರೊವಾನ್ಸ್, ಬ್ರೆತಾನ್ ಎಂಬ ಎರಡು ಹಳೆಯ ಯುದ್ಧನೌಕೆಗಳೂ, ಆರು ದೊಡ್ಡ ಡಿಸ್ಟ್ರಾಯರುಗಳೂ, ಕಡಲ ವಿಮಾನಗಳನ್ನು ಹೊರುವ ಒಂದು ಹಡಗೂ ಇದ್ದವು. ಹೆಸರುಗಳ ವಿಪರ್ಯಾಸವನ್ನು ನೋಡಿರಿ. ತಿಂಗಳ ಹಿಂದೆ ಯಾವ ರೇವಿನಲ್ಲಿ ಫ್ರೆಂಚರ ನೆರವಿನಿಂದ ಬ್ರಿಟಿಷ್ ಸೈನ್ಯ ಬದುಕಿಕೊಂಡಿತೋ ಅದೇ ಊರಿನ ಹೆಸರು ಹೊತ್ತ ಹಡಗೇ ಈಗ ಬ್ರಿಟಿಷ್ ತೋಪುಗಳಿಗೆ ಮೊದಲ ಗುರಿಯಾಗಬೇಕಾಯಿತು.

ಎದುರಿಗೆ ಬಂದ ಬ್ರಿಟಿಷ್ ಪಡೆಯಲ್ಲಿ ಹುಡ್, ವ್ಯಾಲಿಯಂಟ್, ರೆಸಲ್ಯೂಷನ್ ಎಂಬ ಮೂರು ಭಾರಿ ನೌಕೆಗಳೂ ಆರ್ಕ್ ರಾಯಲ್ ಎಂಬ ವಿಮಾನವಾಹಕ ಹಡಗೂ ಇದ್ದವು. ಅವುಗಳ ಅಧಿಪತಿ ಅಡ್ಮಿರಲ್ ಸಾಮರ್‌ವಿಲ್. ಅವರಿಗೆ ಈ ಕೆಲಸ ಬೇಡವಾಗಿತ್ತು. ಜಿಬ್ರಾಲ್ಟರಿನಲ್ಲಿ ತಮ್ಮ ಅಧಿಕಾರಿಗಳೊಡನೆ ಆಲೋಚಿಸಿ, ಬಲಪ್ರಯೋಗ ಬೇಡ, ಇದರಿಂದ ಫ್ರೆಂಚರೆಲ್ಲರೂ ನಮಗೆ ವೈರಿಗಳಾಗುತ್ತಾರೆ ಎಂಬ ಅಭಿಪ್ರಾಯವನ್ನು ಲಂಡನ್ನಿಗೆ ತಂತಿಯಲ್ಲಿ ತಿಳಿಸಿದರು. ಲಂಡನ್ನಿನ ಉತ್ತರ ಖಚಿತವಾಗಿತ್ತು: ಷರತ್ತುಗಳಲ್ಲಿ ಒಂದನ್ನೂ ಒಪ್ಪದಿದ್ದರೆ ಹಡಗುಗಳು ನಾಶವಾಗಲೇಬೇಕೆಂಬುದು ಸರ್ಕಾರದ ದೃಢ ಸಂಕಲ್ಪ. ಯಾವ ಬ್ರಿಟಿಷ್ ನೌಕಾಧಿಪತಿಯ ಪಾಲಿಗೂ ಇಂಥ ಅಪ್ರಿಯವಾದ ಕೆಲಸ ಬಂದಿರಲಾರದು ಎಂದು ಅದೇ ರಾತ್ರಿ ಚರ್ಚಿಲ್ಲರೂ ಸಹಾನುಭೂತಿ ತೋರಿಸಿದರು. ಆದರೆ ಆಜ್ಞೆಯನ್ನು ಸಡಿಲಿಸಲಿಲ್ಲ.

ಫ್ರೆಂಚರಿಗೆ ಕೊಟ್ಟ ಷರತ್ತುಗಳು ಇವು. ನಮ್ಮೊಡನೆ ಬಂದು ಶತ್ರುವಿನ ಮೇಲೆ ಯುದ್ಧ ಮಾಡಿರಿ. ಅಥವಾ ಕಡಿಮೆ ನಾವಿಕರೊಡನೆ ಬ್ರಿಟಿಷ್ ಬಂದರಿಗೆ ಬನ್ನಿರಿ. ನಾವಿಕರನ್ನು ಊರಿಗೆ ಕಳುಹಿಸುತ್ತೇವೆ. ಅಥವಾ ವೆಸ್ಟ್ ಇಂಡೀಸಿನಲ್ಲಿರುವ ನಿಮ್ಮದೇ ಮಾರ್ಟಿನಿಕ್ ದ್ವೀಪದಂಥ ಬಂದರಿಗೆ ಹೋಗಿ ನಿಶ್ಶಸ್ತ್ರರಾಗಿರಿ, ಇಲ್ಲವೇ ಹಡಗುಗಳನ್ನು ಅಮೆರಿಕದ ವಶಕ್ಕೆ ಒಪ್ಪಿಸಿರಿ. ಇವಾವುದೂ ಆಗದಿದ್ದರೆ ಆರು ಗಂಟೆಯೊಳಗೆ ಹಡಗುಗಳನ್ನು ನೀವೇ ಮುಳುಗಿಸಿರಿ. ಅದೂ ಆಗದಿದ್ದರೆ ನಮ್ಮ ತೋಪುಗಳಿವೆ.

ಈ ಪತ್ರವನ್ನು ತಂದವರು ಕ್ಯಾಪ್ಟನ್ ಹಾಲೆಂಡ್ ಎಂಬ ಅಧಿಕಾರಿ. ಪ್ಯಾರಿಸಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ಇದ್ದು ಬಂದವರು, ಫ್ರೆಂಚ್ ಬಲ್ಲವರು, ಫ್ರೆಂಚರ ಸ್ನೇಹಿತರು. ಆದರೆ ಫ್ರೆಂಚ್ ನೌಕಾಧಿಪತಿ ಜಾನ್‌ಸೂಲರು ತಮಗಿಂತ ಕೆಳಗಿನ ದರ್ಜೆಯವನೊಡನೆ ಮಾತನಾಡಲೊಲ್ಲದೆ ತಮ್ಮ ಕೈಕೆಳಗಿನ ಲೆಫ್ಟಿನೆಂಟನನ್ನು ಕಳುಹಿಸಿದರು. ಇಬ್ಬರೂ ದೋಣಿಗಳಲ್ಲಿ ಹೋಗಿ ಬಂದು ಚೀಟಿಗಳನ್ನು ಬದಲಾಯಿಸಿಕೊಳ್ಳುತ್ತಿರುವಷ್ಟರಲ್ಲಿ ಬೆಳಗು ಕಳೆಯಿತು. ಮಧ್ಯಾಹ್ನವಾಗುತ್ತಿರಲು ಬ್ರಿಟಿಷ್ ವಿಮಾನಗಳು ಬಂದರಿನ ಬಾಯಲ್ಲಿ ಮೈನುಗಳನ್ನು, ಎಂದರೆ ನೀರಡಿಯ ಸಿಡಿಗುಂಡುಗಳನ್ನು, ಉದುರಿಸಿ ಹೋದವು. ಸಂಧಾನ ನಡೆಯುತ್ತಿರುವಾಗಲೇ ಬಾಗಿಲಿಗೆ ಅಗಳಿ ಬಿದ್ದಂತಾಯಿತು.

ಇನ್ನೊಂದು ಎಡವಟ್ಟು ಫ್ರೆಂಚರ ಕಡೆಯಿಂದಲೂ ಆಯಿತು. ಜಾನ್‌ಸೂಲರು ನಿಸ್ತಂತು ಮೂಲಕ ತಮ್ಮ ಮೇಲಧಿಕಾರಿಗಳಿಗೆ ಕಳುಹಿಸಿದ ಸುದ್ದಿಯಲ್ಲಿ ಆರು ಗಂಟೆಯೊಳಗೆ ಮುಳುಗಿಸಬೇಕು, ಇಲ್ಲವಾದರೆ ಬಲಪ್ರಯೋಗ ಎಂಬ ಕೊನೆಯ ಮಾತು ಮಾತ್ರ ಇತ್ತು. ಮಾರ್ಟಿನಿಕ್ಕಿನ ದಾರಿ ತೆರೆದಿದೆಯೆಂಬುದು ಅದರಲ್ಲಿ ಇರಲಿಲ್ಲ. ಅಮೆರಿಕದ ಹೆಸರು ಬಂದಿದ್ದರೆ ಫ್ರೆಂಚ್ ಸರ್ಕಾರ ಏನೆನ್ನುತ್ತಿತ್ತೋ. ಆ ಪ್ರಶ್ನೆ ಅವರ ಮುಂದೆ ಬರಲೇ ಇಲ್ಲ. ಸುದ್ದಿ ತಲಪಿದಾಗ ದಾರ್ಲಾನರು ಸ್ಥಳದಲ್ಲಿರಲಿಲ್ಲ. ಅವರ ಪರವಾಗಿ ಅಡ್ಮಿರಲ್ ಲ ಲುಕ್ಕರು ತೂಲೋನ್ ಮತ್ತು ಅಲ್ಜೀರ್ಸಿನ ಹಡಗುಗಳಿಗೆ ನೆರವಿಗೆ ಹೋಗಿರೆಂದು ಆಜ್ಞೆ ಮಾಡಿದರು. ಬ್ರಿಟಿಷರು ಆ ಆಜ್ಞೆಯನ್ನು ನಡುವಿನಲ್ಲಿಯೇ ಹಿಡಿದು ಓದಿದರು. ಬೇಗ ಮುಗಿಸು, ಇಲ್ಲವಾದರೆ ಬರುವ ನೆರವಿನ ಪಡೆಯನ್ನೂ ಎದುರಿಸಬೇಕಾದೀತು ಎಂದು ಲಂಡನ್ನು ಸಾಮರ್‌ವಿಲ್ಲರನ್ನು ಅವಸರಪಡಿಸಿತು.

ಕಟ್ಟಕಡೆಗೆ ಜಾನ್‌ಸೂಲರು ಹಾಲೆಂಡರನ್ನು ಡಂಕರ್ಕ್ ಹಡಗಿನೊಳಕ್ಕೆ ಬರಮಾಡಿಕೊಂಡಾಗ ಸಂಜೆ ನಾಲ್ಕು ದಾಟಿತ್ತು. ದಾರ್ಲಾನರ ಜೂನ್ 24ರ ಗುಪ್ತ ಆಜ್ಞೆಯನ್ನು ಅವರ ಮುಂದಿಟ್ಟರು. ಅದನ್ನು ಬೆಳಗ್ಗೆಯೇ ತೋರಿಸಿದ್ದರೆ, ಬೆಳಗ್ಗೆಯೇ ಕೋಣೆಯೊಳಕ್ಕೆ ಕರೆದಿದ್ದರೆ ಎಂದು ಈಗ ಅನ್ನಿಸುತ್ತದೆ. ಹೊತ್ತು ಮೀರಿತ್ತು. ಹಾಲೆಂಡರು ಹಡಗಿನಿಂದ ಇಳಿಯುತ್ತಿರುವಾಗಲೇ ಯುದ್ಧಸನ್ನಾಹದ ಕರೆ ಕೇಳಿಸಿತು.

ಆರು ಗಂಟೆಗೆ ಕೆಲವು ನಿಮಿಷಗಳಿರುವಾಗ ತೋಪುಗಳು ಸಿಡಿದವು. ಫ್ರೆಂಚ್ ಹಡಗುಗಳು ಬಂದರಿನ ಅಲೆತಡೆ ಗೋಡೆಗೆ ಹಿಂಬದಿಯನ್ನು ಆನಿಸಿ ಲಂಗರು ಹಾಕಿ ನಿಂತಿದ್ದವು. ಹೊಸ ನೌಕೆಗಳೆರಡರ ದೊಡ್ಡ ತೋಪುಗಳೆಲ್ಲವೂ ಮುಂಬದಿಯಲ್ಲಿದ್ದುದರಿಂದ ಅವುಗಳ ಬಾಯಿ ನೆಲದ ಕಡೆಗಿತ್ತು, ಶತ್ರು ಸಮುದ್ರದ ಕಡೆಗಿದ್ದ. ಹತ್ತು ನಿಮಿಷಗಳ ಕೆಲಸ. ಬ್ರೆತಾನ್ ಹಡಗಿನ ಮದ್ದಿನ ಮನೆ ಸಿಡಿದು ಅದು ಮಗುಚಿಕೊಂಡಿತು. ಅದೊಂದರಲ್ಲಿಯೇ 977 ಮಂದಿ ಸತ್ತರು. ಡಂಕರ್ಕ್, ಪ್ರೊವಾನ್ಸ್ ಎರಡೂ ಜಖಂಗೊಂಡು ದಡ ಹಿಡಿದವು. ಸ್ತ್ರಾಸ್‌ಬೂರ್ ಮಾತ್ರ ಹೊಗೆಯ ಮರೆಯಲ್ಲಿ ಮೈನುಗಳನ್ನು ತಪ್ಪಿಸಿಕೊಂಡು ಹೊರಬಿದ್ದು ತೂಲೋನ್ ಸೇರಿತು. ಡಂಕರ್ಕಿಗೆ ತಗಲಿದ ಪೆಟ್ಟು ಅಲ್ಪವೆಂದು ಫ್ರೆಂಚರೇ ಪ್ರಕಟಣೆ ಹೊರಡಿಸಿದ್ದರಿಂದ ಜುಲೈ 6ರಂದು ಬ್ರಿಟಿಷ್ ವಿಮಾನಗಳು ಮತ್ತೆ ಬಂದು ಟಾರ್ಪೆಡೊ ಹೊಡೆದವು, ಮತ್ತೆ ಸಾವು. ಸಾಮರ್‌ವಿಲ್ಲರು ತಮ್ಮ ಪತ್ನಿಗೆ ಬರೆದ ಕಾಗದದಲ್ಲಿ ಇದನ್ನು ಈ ಕಾಲದ ಅತಿದೊಡ್ಡ ರಾಜಕೀಯ ಪ್ರಮಾದವೆಂದು ಕರೆದರು. ಗಮನಿಸಿರಿ, ಸೈನಿಕ ಪ್ರಮಾದವೆನ್ನಲಿಲ್ಲ, ರಾಜಕೀಯ ಪ್ರಮಾದವೆಂದರು.

ಅದು ಪ್ರಮಾದವಾಗಿತ್ತೆ? ಮಾರನೆಯ ದಿನ ಲಂಡನ್ನಿನ ಕಾಮನ್ಸ್ ಸಭೆಗೆ ಹೋಗೋಣ. ಚರ್ಚಿಲ್ಲರು ನಡೆದುದನ್ನು ವಿವರಿಸಿದರು. ಬ್ರಿಟನ್ ಸಂಧಾನಕ್ಕಿಳಿಯುತ್ತದೆಂಬ ಸುಳ್ಳುಸುದ್ದಿಗಳನ್ನು ಅಡಗಿಸಲು ಈ ಒಂದು ಕೃತ್ಯವೇ ಸಾಕೆಂದರು. ತೀರ್ಪನ್ನು ಪಾರ್ಲಿಮೆಂಟಿಗೆ ಬಿಡುತ್ತೇನೆ, ರಾಷ್ಟ್ರಕ್ಕೆ ಬಿಡುತ್ತೇನೆ, ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಬಿಡುತ್ತೇನೆ, ಪ್ರಪಂಚಕ್ಕೂ ಚರಿತ್ರೆಗೂ ಬಿಡುತ್ತೇನೆ ಎಂಬ ಅರ್ಥದ ಮಾತುಗಳಿಂದ ಭಾಷಣವನ್ನು ಮುಗಿಸುವ ಹಂತಕ್ಕೆ ತಂದರು. ಈ ಕ್ರಮವನ್ನು ನೋಡಿರಿ. ಪ್ರಪಂಚವೆಂದರೆ ಅದರಲ್ಲಿ ಅಮೆರಿಕವೂ ಸೇರಿತಲ್ಲವೆ? ಅದನ್ನು ಬೇರೆಯಾಗಿ, ಅದೂ ಪ್ರಪಂಚಕ್ಕಿಂತ ಮೊದಲು, ಹೆಸರಿಸಿದುದೇಕೆ? ಕಾಗದವನ್ನು ಯಾರು ಯಾರಿಗೆ ಬರೆದರೆಂಬುದು ವಿಳಾಸದಲ್ಲಿಯೇ ಇರುತ್ತದೆ.

ಸಭೆಯೆಲ್ಲ ಎದ್ದು ನಿಂತು ಜಯಕಾರ ಮಾಡಿತು. ಅದುವರೆಗೆ ತಣ್ಣಗಿದ್ದ ಸ್ವಪಕ್ಷದವರೂ ಎದ್ದರು. ಚರ್ಚಿಲ್ಲರ ಕಣ್ಣಲ್ಲಿ ನೀರು ಬಂದಿತ್ತು. ಎರಡು ತಿಂಗಳು ಕಳೆದು, ಸೆಪ್ಟೆಂಬರ್ 2ರಂದು, ಬ್ರಿಟಿಷ್ ನೆಲೆಗಳನ್ನು 99 ವರ್ಷಗಳ ಗುತ್ತಿಗೆಗೆ ಪಡೆದುಕೊಂಡು ಅಮೆರಿಕ 50 ಡಿಸ್ಟ್ರಾಯರುಗಳನ್ನು ಕೊಟ್ಟಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ 1941ರಲ್ಲಿ ಲಂಡನ್ನಿಗೆ ಬಂದ ರೂಸ್‌ವೆಲ್ಟರ ಆಪ್ತ ಹ್ಯಾರಿ ಹಾಪ್ಕಿನ್ಸರು, ಬ್ರಿಟನ್ ನಿಜವಾಗಿಯೂ ಹೋರಾಡುತ್ತದೆಂದು ಅಧ್ಯಕ್ಷರಿಗೆ ಮನವರಿಕೆ ಮಾಡಿಕೊಟ್ಟದ್ದು ಓರಾನಿನ ಆ ಘಟನೆಯೇ ಎಂದು ಹೇಳಿದುದನ್ನು ಚರ್ಚಿಲ್ಲರ ಕಾರ್ಯದರ್ಶಿ ಕಾಲ್‌ವಿಲ್ ಬರೆದಿಟ್ಟಿದ್ದಾರೆ. ಗುಂಡು ಕೇಳಬೇಕಾದ ಕಿವಿಗೆ ಕೇಳಿಸಿತ್ತು.

ಇನ್ನು ಲೆಕ್ಕದ ಮತ್ತೊಂದು ಬದಿ. ಪೆತಾಂ ಸರ್ಕಾರ ಕೆಲವೇ ದಿನಗಳಲ್ಲಿ ಬ್ರಿಟನ್ನಿನೊಡನೆ ರಾಯಭಾರ ಸಂಬಂಧವನ್ನು ಕಡಿದುಕೊಂಡಿತು. ಲಂಡನ್ನಿನಲ್ಲಿ ಆಶ್ರಯ ಪಡೆದು, ಜೂನ್ 18ರಂದು ಅಲ್ಲಿಯ ಬಾನುಲಿಯ ಮೂಲಕ ತನ್ನ ಜನರನ್ನು ಹೋರಾಟಕ್ಕೆ ಕರೆದಿದ್ದ ಜನರಲ್ ದ ಗಾಲ್ ಅವರ ಸ್ಥಿತಿಯನ್ನು ಊಹಿಸಿಕೊಳ್ಳಿರಿ. ಅವರು ಜುಲೈ 8ರಂದು ಮತ್ತೆ ಬಾನುಲಿಯ ಮುಂದೆ ಕುಳಿತು, ನಡೆದುದು ಘೋರವೆಂದೂ, ಆದರೂ ಆ ಹಡಗುಗಳು ಶತ್ರುವಿನ ಕೈಸೇರುವುದಕ್ಕಿಂತ ಮುಳುಗಿದುದೇ ಲೇಸೆಂದೂ ತನ್ನವರಿಗೆ ಹೇಳಬೇಕಾಯಿತು. ತನ್ನ ಮನೆಯ ಹೆಣಗಳ ಮುಂದೆ ನಿಂತು ನೆರೆಯವನ ಪರವಾಗಿ ಮಾತನಾಡುವ ಕಷ್ಟ ಅದು. ಬಹಳ ಮಂದಿ ಫ್ರೆಂಚ್ ನಾವಿಕರು ಅವರ ಕಡೆ ತಿರುಗಿಯೂ ನೋಡಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ದ ಗಾಲ್ ಬ್ರಿಟಿಷ್ ಹಡಗುಗಳೊಡನೆ ಆಫ್ರಿಕದ ಡಕಾರಿಗೆ ಹೋದಾಗ ಅಲ್ಲಿಯ ಫ್ರೆಂಚರು ತೋಪಿನಿಂದಲೇ ಉತ್ತರಿಸಿದರು.

ಮುಂದೆ 1942ರ ನವೆಂಬರ್ 27ರಂದು ಏನಾಯಿತು? ಜರ್ಮನ್ ಸೈನ್ಯ ತೂಲೋನ್ ಬಂದರಿಗೆ ನುಗ್ಗಿ ಫ್ರೆಂಚ್ ಹಡಗುಗಳನ್ನು ಹಿಡಿಯಹೋಯಿತು. ಫ್ರೆಂಚ್ ನಾವಿಕರು ತಮ್ಮ ಕೈಯಾರೆ ಎಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿದರು. ಮೆರ್ಸ್-ಎಲ್-ಕೆಬೀರಿನಿಂದ ಪಾರಾಗಿದ್ದ ಸ್ತ್ರಾಸ್‌ಬೂರ್ ಅವುಗಳಲ್ಲೊಂದು. ರಿಪೇರಿಗೆಂದು ಅಲ್ಲಿಗೆ ತಂದಿದ್ದ ಡಂಕರ್ಕ್ ಹಡಗನ್ನೂ ಕೆಡಿಸಿಹಾಕಿದರು. ಎರಡು ವರ್ಷಗಳ ಹಿಂದೆ ಯಾರೂ ನಂಬದಿದ್ದ ಆ ಬಾಯಿಮಾತು ಕೊನೆಗೂ ನಡೆಯಿತು. ಹಾಗೆಂದು ಚರ್ಚಿಲ್ಲರು 1940ರಲ್ಲಿಯೇ ಅದನ್ನು ತಿಳಿಯಬಹುದಾಗಿತ್ತೆನ್ನುವುದು ನ್ಯಾಯವಲ್ಲ. ನಡುವೆ ಇದೇ ದಾರ್ಲಾನರು ಜರ್ಮನರೊಡನೆ ಸಹಕಾರದ ಮಾತುಕತೆಗಳನ್ನೂ ನಡೆಸಿದ್ದರು. ಚರಿತ್ರೆಯನ್ನು ಹಿಂದಿನಿಂದ ಮುಂದಕ್ಕೆ ಬದುಕಬೇಕು. ಮುಂದಿನಿಂದ ಹಿಂದಕ್ಕೆ ಓದುವ ಅನುಕೂಲ ನಮಗೆ ಮಾತ್ರ ಉಂಟು.

ಆದರೆ ಅದೇ ದಿನ, ಅದೇ ಆಜ್ಞೆಯ ಅಡಿಯಲ್ಲಿ, ಬೇರೆ ದಾರಿಯೂ ಇತ್ತೆಂಬುದಕ್ಕೆ ಸಾಕ್ಷಿಯೊಂದುಂಟು. ಈಜಿಪ್ಟಿನ ಅಲೆಗ್ಜಾಂಡ್ರಿಯ ಬಂದರಿನಲ್ಲಿ ಅಡ್ಮಿರಲ್ ಗೋದ್‌ಫ್ರುವಾ ಅವರ ಫ್ರೆಂಚ್ ಪಡೆ ಬ್ರಿಟಿಷ್ ಹಡಗುಗಳ ಪಕ್ಕದಲ್ಲಿಯೇ ಲಂಗರು ಹಾಕಿತ್ತು. ಅಲ್ಲಿಯ ಬ್ರಿಟಿಷ್ ಅಧಿಪತಿ ಅಡ್ಮಿರಲ್ ಕನಿಂಗ್‌ಹ್ಯಾಮ್. ಕತ್ತಲಾಗುವುದರೊಳಗೆ ಮುಗಿಸೆಂದು ಲಂಡನ್ನು ಅವರನ್ನೂ ಒತ್ತಾಯಿಸಿತು. ಅವರು ಅವಸರಪಡಲಿಲ್ಲ. ಓರಾನಿನ ಸುದ್ದಿ ಬಂದು ಗೋದ್‌ಫ್ರುವಾ ಕೆರಳಿದಾಗಲೂ, ಎರಡು ಕಡೆಯ ತೋಪುಗಳು ಒಂದರ ಮುಖ ಒಂದು ನೋಡುತ್ತಿರುವಾಗಲೂ, ರಾತ್ರಿ ಕಳೆಯಲೆಂದು ಕಾದರು. ಬೆಳಗ್ಗೆ ತಮ್ಮ ಅಧಿಕಾರಿಗಳನ್ನು ಒಂದೊಂದು ಫ್ರೆಂಚ್ ಹಡಗಿನ ಬಳಿಗೂ ಕಳುಹಿಸಿ ನಾವಿಕರಿಗೇ ನೇರವಾಗಿ ತಿಳಿವಳಿಕೆ ಹೇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಒಪ್ಪಂದವಾಯಿತು. ಫ್ರೆಂಚರು ಎಣ್ಣೆ ಖಾಲಿ ಮಾಡಿದರು, ತೋಪುಗಳ ಮುಖ್ಯ ಭಾಗಗಳನ್ನು ಕಳಚಿ ತಮ್ಮದೇ ಕಾನ್ಸಲರ ಕಚೇರಿಯಲ್ಲಿಟ್ಟರು. ಒಬ್ಬನೂ ಸಾಯಲಿಲ್ಲ. ಆ ಹಡಗುಗಳು 1943ರಲ್ಲಿ ಮಿತ್ರಪಕ್ಷವನ್ನು ಸೇರಿದವು.

ಎರಡು ಬಂದರುಗಳೂ ಸಮಾನವಲ್ಲ, ನಿಜ. ಅಲೆಗ್ಜಾಂಡ್ರಿಯ ಬ್ರಿಟಿಷರ ಹತೋಟಿಯಲ್ಲಿತ್ತು; ಅಲ್ಲಿಂದ ಫ್ರೆಂಚ್ ಹಡಗು ಓಡಿಹೋಗುವಂತಿರಲಿಲ್ಲ, ಅದಕ್ಕೆ ನೆರವು ಬರುವಂತೆಯೂ ಇರಲಿಲ್ಲ. ಸಾಮರ್‌ವಿಲ್ಲರಿಗೆ ಆ ಅನುಕೂಲವಿರಲಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. ಸಂಧಾನಕ್ಕೆ ಬೇಕಾದುದು ಕಾಲ. ಆ ಕಾಲವನ್ನು ಕನಿಂಗ್‌ಹ್ಯಾಮರು ಆಜ್ಞೆಯ ನಡುವಿನಿಂದ ಕದ್ದು ತಂದರು. ಮೆರ್ಸ್-ಎಲ್-ಕೆಬೀರಿಗೆ ಲಂಡನ್ನು ಕಾಲವನ್ನು ಕೊಡಲಿಲ್ಲ. ಪೆಟ್ಟು ಥಟ್ಟನೆ ಬೀಳಬೇಕಾಗಿತ್ತು. ನಿಧಾನವಾಗಿ ಬಗೆಹರಿದ ವ್ಯಾಜ್ಯ ದೂರದ ದೇಶಕ್ಕೆ ಕೇಳಿಸುವುದಿಲ್ಲ.

ಈ ವಿಷಯವನ್ನು ಬಾಯಿಬಿಟ್ಟು ಹೇಳಿದವರಿಗೆ ಏನಾಯಿತೆಂಬುದನ್ನೂ ಹೇಳಿಬಿಡುತ್ತೇನೆ. ಜಿಬ್ರಾಲ್ಟರಿನ ಅಡ್ಮಿರಲ್ ಡಡ್ಲಿ ನಾರ್ತರು ಈ ದಾಳಿಯನ್ನು ವಿರೋಧಿಸಿ ಮೇಲಿನವರಿಗೆ ಬರೆದು ಛೀಮಾರಿ ಪಡೆದರು. ಕೆಲವು ವಾರಗಳಲ್ಲಿ ಫ್ರೆಂಚ್ ಹಡಗುಗಳು ಜಿಬ್ರಾಲ್ಟರ್ ಜಲಸಂಧಿಯನ್ನು ದಾಟಿಹೋದುದನ್ನು ನೆವಮಾಡಿ ಅವರನ್ನು ಹುದ್ದೆಯಿಂದ ತೆಗೆದರು. ವಿಚಾರಣೆ ನಡೆಸಿರೆಂದು ಅವರು ವರ್ಷಾನುಗಟ್ಟಲೆ ಬೇಡಿದರೂ ನಡೆಸಲಿಲ್ಲ. ಅವರ ಮಾನಕ್ಕೆ ಕಳಂಕವಿಲ್ಲವೆಂದು ಪ್ರಧಾನಿ ಮ್ಯಾಕ್ಮಿಲನ್ನರು ಪಾರ್ಲಿಮೆಂಟಿನಲ್ಲಿ ಹೇಳಿದುದು 1957ರಲ್ಲಿ. ಬಿಂಗನನ್ನು ಕೊಂದು ಸರಿಯಾಗಿ ಇನ್ನೂರು ವರ್ಷಗಳಾಗಿದ್ದವು.

ತರಗತಿಯಲ್ಲಿ ಒಮ್ಮೆ ಈ ಕಥೆಯನ್ನು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಹಾಗಾದರೆ ಇದು ಸರಿಯೋ ತಪ್ಪೋ, ಸಾರ್?" ಎಂದು ಕೇಳಿದ. ಹಲಗೆಯ ಮೇಲೆ ನಡುವೆ ಗೆರೆಯೆಳೆದು, ಒಂದು ಕಡೆ ಬಂದ ಲಾಭವನ್ನೂ ಇನ್ನೊಂದು ಕಡೆ ಆದ ನಷ್ಟವನ್ನೂ ಅವರಿಂದಲೇ ಬರೆಸಿದೆ. ಎರಡು ಕಡೆಯೂ ತುಂಬಿತು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಆ 1297 ಜನ ಯಾವ ಯುದ್ಧದಲ್ಲಿ ಸತ್ತರು ಅಂತ ಬರೆಯಬೇಕು, ಸಾರ್?" ಎಂದಳು. ಜರ್ಮನಿಯೊಡನೆ ಅವರ ಯುದ್ಧ ನಿಂತಿತ್ತು. ಬ್ರಿಟನ್ನಿನೊಡನೆ ಅವರಿಗೆ ಯುದ್ಧವೇ ಇರಲಿಲ್ಲ. ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು. ಬರೆಯುವುದಕ್ಕೆ ಏನೂ ತೋಚಲಿಲ್ಲ.

ಯುದ್ಧದಲ್ಲಿ ರಾಜಕೀಯ ಕೂಡದೆಂದು ನಾನು ಹೇಳಲಾರೆ; ರಾಜಕೀಯವಿಲ್ಲದ ಯುದ್ಧ ಎಂದೂ ನಡೆದಿಲ್ಲ. ಆ ಸಂಜೆಯ ತೋಪುಗಳಿಂದ ಬ್ರಿಟನ್ನಿಗೆ ಉಪಕಾರವಾಯಿತೆಂಬುದನ್ನೂ ಅಲ್ಲಗಳೆಯಲಾರೆ. ಆದರೆ ಉಪಕಾರದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಬಚ್ಚಿಡಬಾರದು. ಅದನ್ನು ಬರಿಯ ಸೈನಿಕ ಅನಿವಾರ್ಯತೆಯೆಂದು ಕರೆದು ಕೈತೊಳೆದುಕೊಳ್ಳಬಾರದು. ಈಗಲೂ ನಿಮ್ಮ ಮನೆಯ ರೇಡಿಯೋ ಯಾವುದೋ ದೂರದ ಸಮುದ್ರದಲ್ಲಿ ಯಾವುದೋ ಹಡಗಿನ ಮೇಲೆ ಗುಂಡು ಬಿದ್ದ ಸುದ್ದಿಯನ್ನು ತರುವುದುಂಟು. ಎಲ್ಲಿ ಬಿತ್ತು, ಎಷ್ಟು ಮಂದಿ ಸತ್ತರು ಎಂಬುದನ್ನು ಅದೇ ಹೇಳುತ್ತದೆ. ಯಾರ ಕಿವಿಗೆಂದು ಹಾರಿತು ಎಂಬುದನ್ನು ಮಾತ್ರ ನೀವೇ ಕೇಳಿಕೊಳ್ಳಬೇಕು.